ತಂತಿ ತಂದವರು

ಬಂಗಾಳ ಕೊಲ್ಲಿಯ ದಂಡೆಯಲ್ಲಿ ಮನೆ ಮಾಡಿಕೊಂಡವರಿಗೆ ಸಂಗೀತ ಕೇಳುವ ರೀತಿ ತಾನಾಗಿಯೇ ಬದಲಾಗುತ್ತದೆ. ವಿಶಾಖಪಟ್ಟಣದಿಂದ ಭೀಮಿಲಿಗೆ ಹೋಗುವ ಬೀಚ್ ರೋಡಿನಲ್ಲಿ, ಋಷಿಕೊಂಡದ ಆಸುಪಾಸಿನಲ್ಲಿ ನಾನಿರುವುದು. ಇಲ್ಲಿ ಕಿಟಕಿ ಮುಚ್ಚಿದರೂ ಅಲೆಯ ಮೊರೆತ ಮನೆಯೊಳಗೇ ಇರುತ್ತದೆ. ಸಂಜೆಯಾದರೆ ಅದರ ಜೊತೆಗೆ ಮುರಿ ಮಿಕ್ಸ್ಚರ್ ಕಲಸುವವರ ಡಬ್ಬದ ಸದ್ದು, ನೀರಲ್ಲಿ ದೂರ ಹೋದವರನ್ನು ದಂಡೆಗೆ ಕರೆಯುವ ಲೈಫ್‌ಗಾರ್ಡ್‌ಗಳ ಸೀಟಿ. ಯಾವ ಹಾಡು ಹಾಕಿದರೂ ಅದು ಈ ಮೊರೆತದ ಮೇಲೆಯೇ ಕೂರಬೇಕು. ಎಷ್ಟೋ ಒಳ್ಳೆಯ ಹಾಡುಗಳು ಕೂರುವುದಿಲ್ಲ. ಅಲೆ ಬಂದು ಅವುಗಳ ಸಣ್ಣ ದನಿಯನ್ನು ಒರಸಿಹಾಕುತ್ತದೆ. ಭೀಮಸೇನ ಜೋಶಿಯವರ ಯಮನ್ ಕೂರುತ್ತದೆ. ಅಷ್ಟೇ ಗಟ್ಟಿಯಾಗಿ ಕೂರುವ ಇನ್ನೊಂದು ಹಾಡು ನನ್ನಲ್ಲಿದೆ. ಲಿವರ್‌ಪೂಲಿನ ಬೀಟಲ್ಸ್ ತಂಡದ ನಾಲ್ವರು ಹುಡುಗರು 1966ರ ಏಪ್ರಿಲ್‌ನಲ್ಲಿ ಲಂಡನ್ನಿನ ಅಬ್ಬೆ ರೋಡಿನ ಇಎಂಐ ಸ್ಟುಡಿಯೋದಲ್ಲಿ ಮಾಡಿದ್ದು ಅದು: 'ಟುಮಾರೊ ನೆವರ್ ನೋಸ್'.

ಹಾಡು ತಂಬೂರಿಯಿಂದ ಶುರುವಾಗುತ್ತದೆ. ಆಮೇಲೆ ರಿಂಗೊ ಸ್ಟಾರ್‌ನ ಡ್ರಮ್ಮು, ಎದೆಗೇ ಬಡಿದ ಹಾಗೆ. ಅದರ ಬೆನ್ನಿಗೇ ಆಕಾಶದ ತುಂಬ ಕಡಲಹಕ್ಕಿಗಳು ಕಿರುಚಿಕೊಂಡು ಹಾರಿಹೋಗುತ್ತವೆ. ಮೊದಲ ಸಲ ಇಲ್ಲಿ ಕೇಳುವಾಗ ನಾನು ಕಿಟಕಿಯ ಹೊರಗೆ ನೋಡಿದ್ದೆ. ಅವು ಹಕ್ಕಿಗಳೇ ಅಲ್ಲ. ಪಾಲ್ ಮೆಕಾರ್ಟ್ನಿಯ ನಗು. ಮನೆಯಲ್ಲಿ ತನ್ನ ಟೇಪ್ ರೆಕಾರ್ಡರಿನ ಅಳಿಸುವ ಹೆಡ್ಡನ್ನು ತೆಗೆದುಹಾಕಿ, ತುಂಡು ಟೇಪಿನ ಎರಡೂ ತುದಿ ಅಂಟಿಸಿ ಬಳೆಯಂತೆ ಮಾಡಿ, ಅದು ಸುತ್ತುತ್ತಿದ್ದಂತೆ ಸದ್ದಿನ ಮೇಲೆ ಸದ್ದು ಕೂಡಿಸುತ್ತಿದ್ದ ಆತ. ಹೀಗೆ ಮಾಡಿದ ತುಣುಕುಗಳನ್ನು ಚೀಲದಲ್ಲಿ ಹಾಕಿಕೊಂಡು ಸ್ಟುಡಿಯೋಕ್ಕೆ ತಂದ. ಅಲ್ಲಿ ಬೇರೆ ಬೇರೆ ಕೋಣೆಗಳ ಯಂತ್ರಗಳಿಗೆ ಅವನ್ನು ಹಾಕಿ, ಬಿಳಿ ಕೋಟು ತೊಟ್ಟ ತಂತ್ರಜ್ಞರು ಪೆನ್ಸಿಲ್ ಹಿಡಿದು ನಿಂತರು. ಟೇಪಿನ ಬಳೆ ಬಿಗಿಯಾಗಿ ಸುತ್ತಬೇಕಲ್ಲ, ಅದಕ್ಕೆ. ಕ್ಯಾಸೆಟ್ಟಿನ ಕಾಲದಲ್ಲಿ ಬೆಳೆದ ನಮಗೆ ಪೆನ್ಸಿಲ್ಲಿಗೂ ಟೇಪಿಗೂ ಇರುವ ನಂಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಧಾರವಾಡದ ಮನೆಯಲ್ಲಿ ನಮ್ಮಣ್ಣ ಹೊರಬಂದ ಟೇಪನ್ನು ಪೆನ್ಸಿಲ್ ತಿರುಗಿಸಿ ಒಳಸೇರಿಸುವಾಗ ತೋರುತ್ತಿದ್ದ ಗಾಂಭೀರ್ಯವೇ ಆ ಬಿಳಿಕೋಟಿನವರ ಮುಖದಲ್ಲೂ ಇದ್ದಿರಬೇಕೆಂದು ನನಗೆ ಅನಿಸುತ್ತದೆ.

ಹೀಗೆ ಐದು ಯಂತ್ರಗಳ ಸದ್ದೂ ಕಂಟ್ರೋಲ್ ರೂಮಿನ ಮಿಕ್ಸಿಂಗ್ ಮೇಜಿಗೆ ಬರುತ್ತಿತ್ತು. ಅಲ್ಲಿ ಕೂತವರು ಒಂದನ್ನು ಏರಿಸಿ, ಇನ್ನೊಂದನ್ನು ಇಳಿಸಿ, ಹಾಡು ಓಡುತ್ತಿದ್ದ ಹಾಗೆಯೇ ಸದ್ದುಗಳನ್ನು ಅದರೊಳಕ್ಕೆ ಬಿಟ್ಟರು. ಅಂದರೆ ಆ ದಿನ ಮಿಕ್ಸಿಂಗ್ ಮೇಜೇ ಒಂದು ವಾದ್ಯ. ಅದನ್ನು ನುಡಿಸಿದ್ದು ಒಂದೇ ಸಲ. ಮತ್ತೆ ಅದೇ ಥರ ನುಡಿಸಿ ಎಂದರೆ ಯಾರಿಂದಲೂ ಆಗದು. ಸಂಗೀತದಲ್ಲಿ ಮನೋಧರ್ಮಕ್ಕೆ ಬೆಲೆ ಕೊಡುವ ನಮ್ಮವರಿಗೆ ಈ ಮಾತು ಥಟ್ಟನೆ ಹಿಡಿಯಬೇಕು.

ಹಾಡಿನ ಉದ್ದಕ್ಕೂ ಕೆಳಗಿರುವುದು ಒಂದೇ ಸ್ವರಮೇಳ. ಅದು ಕದಲುವುದಿಲ್ಲ. ಪಾಶ್ಚಾತ್ಯ ಪಾಪ್ ಸಂಗೀತದಲ್ಲಿ ಆಗ ಅದು ದೊಡ್ಡ ಧೈರ್ಯ. ತಂಬೂರಿಯ ಎದುರು ಕೂತು ಸರಳೆ ವರಸೆ ಹೇಳಿದವರಿಗೆ ಅದು ಮನೆಗೆ ಬಂದಷ್ಟು ಸಹಜ. ಜಾನ್ ಲೆನನ್ ತನ್ನ ದನಿ ಬೆಟ್ಟದ ತುದಿಯಲ್ಲಿ ನಿಂತ ದಲೈ ಲಾಮಾರ ಮಂತ್ರದಂತೆ ಕೇಳಬೇಕೆಂದು ಕೇಳಿದ್ದನಂತೆ. ಜೆಫ್ ಎಮೆರಿಕ್ ಎಂಬ ಇಪ್ಪತ್ತು ವರ್ಷದ ಎಂಜಿನಿಯರ್ ಆಗಷ್ಟೇ ಆ ಕುರ್ಚಿಗೆ ಬಂದಿದ್ದ. ಹ್ಯಾಮಂಡ್ ಆರ್ಗನ್ನಿಗೆಂದು ಇದ್ದ ಲೆಸ್ಲಿ ಎಂಬ ತಿರುಗುವ ಸ್ಪೀಕರಿನೊಳಗಿಂದ ಆ ದನಿಯನ್ನು ಹಾಯಿಸಿದ. ಹಾಡಿನ ಕೊನೆಯರ್ಧದಲ್ಲಿ ಆ ದನಿ ಹೊಗೆಯಂತೆ ಸುತ್ತುತ್ತದೆ.

ಇದು ಎಷ್ಟು ದೂರದ ಪಯಣ ಎಂದು ತಿಳಿಯಬೇಕಾದರೆ ಮೂರು ವರ್ಷ ಹಿಂದೆ ಹೋಗಬೇಕು. 1963ರ ಫೆಬ್ರವರಿ 11ರಂದು ಇದೇ ಹುಡುಗರು ಇದೇ ಕಟ್ಟಡದಲ್ಲಿ ಒಂದೇ ದಿನದಲ್ಲಿ ಹತ್ತು ಹಾಡು ಮುಗಿಸಿ ಮೊದಲ ಎಲ್‌ಪಿಯನ್ನು ಸಿದ್ಧಮಾಡಿದ್ದರು. ಲೆನನ್‌ಗೆ ನೆಗಡಿ. ಗಂಟಲು ಹರಿಯುವ ಹಾಡನ್ನು ರಾತ್ರಿ ಕೊನೆಗೆ ಇಟ್ಟುಕೊಂಡು, ಉಳಿದ ದನಿಯನ್ನೆಲ್ಲ ಅದಕ್ಕೆ ಸುರಿದ. ಆಗ ಸ್ಟುಡಿಯೋಕ್ಕೆ ಇದ್ದ ಕೆಲಸ ಒಂದೇ: ವೇದಿಕೆಯ ಮೇಲೆ ಹಾಡುವುದನ್ನು ಇದ್ದ ಹಾಗೆ ಹಿಡಿದುಕೊಡುವುದು. ನಮ್ಮಲ್ಲೂ ಹಾಗೆಯೇ ನಡೆಯುತ್ತಿತ್ತು. ಕನ್ನಡ ಚಿತ್ರಗೀತೆಗಳು ದಶಕಗಟ್ಟಲೆ ಮದರಾಸಿನಲ್ಲಿ ಧ್ವನಿಮುದ್ರಣವಾಗುತ್ತಿದ್ದ ಕಾಲದಲ್ಲಿ ಗಾಯಕರು, ಪಿಟೀಲಿನವರು, ತಬಲಾದವರು ಎಲ್ಲರೂ ಒಂದೇ ಸಭಾಂಗಣದಲ್ಲಿ ಕೂತು ಒಂದೇ ಉಸಿರಿನಲ್ಲಿ ಹಾಡು ಮುಗಿಸಬೇಕಿತ್ತು. ಆ ಶಿಸ್ತಿನಲ್ಲಿ ಹುಟ್ಟಿದ ಹಾಡುಗಳ ಸೊಗಸಿಗೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಆದರೆ ಅಲ್ಲಿ ಹಾಡು ಮೊದಲು ಹುಟ್ಟುತ್ತಿತ್ತು, ಆಮೇಲೆ ಸ್ಟುಡಿಯೋಕ್ಕೆ ಬರುತ್ತಿತ್ತು. ಬೀಟಲ್ಸ್ ಅದನ್ನೇ ತಿರುವುಮುರುವು ಮಾಡಿದರು. 1966ರ ಆಗಸ್ಟ್ 29ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕೊನೆಯ ಕಚೇರಿ ಮುಗಿಸಿದ ಮೇಲೆ ಅವರು ಊರೂರು ತಿರುಗುವುದನ್ನೇ ನಿಲ್ಲಿಸಿದರು. ಅಲ್ಲಿಂದ ಮುಂದೆ ಹಾಡು ಹುಟ್ಟುವ ಕೋಣೆಯೇ ಸ್ಟುಡಿಯೋ ಆಯಿತು.

ಹಾಡು ಕಟ್ಟುವ ಬಗ್ಗೆಯೂ ಎರಡು ಮಾತು ಹೇಳಬೇಕು. ನಾಲ್ವರಲ್ಲಿ ಯಾರಿಗೂ ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಲೆನನ್, ಮೆಕಾರ್ಟ್ನಿ ಇಬ್ಬರೂ ಹುಡುಗರಾಗಿದ್ದಾಗ ಎದುರುಬದುರು ಕೂತು, ಗಿಟಾರು ಹಿಡಿದು ಹಾಡು ಹೆಣೆಯುತ್ತಿದ್ದರು. ಬರೆದಿಡಲು ಬಾರದ್ದರಿಂದ ನೆನಪಿನಲ್ಲಿ ಉಳಿದದ್ದೇ ಹಾಡು. ಮೆಕಾರ್ಟ್ನಿಗೆ ಒಂದು ಬೆಳಗ್ಗೆ ಎದ್ದಾಗ ಕನಸಿನಿಂದ ಒಂದು ಧಾಟಿ ಇಡಿಯಾಗಿ ಬಂದಿತ್ತು. ಮಾತು ಸಿಗುವವರೆಗೂ ಮೊಟ್ಟೆ ಬುರ್ಜಿಯ ಬಗ್ಗೆ ಏನೋ ತೋಚಿದ್ದನ್ನು ಅದಕ್ಕೆ ಹಾಕಿ ಗುನುಗುತ್ತಿದ್ದನಂತೆ. ಅದೇ 'ಯೆಸ್ಟರ್‌ಡೇ'. 1965ರ ಜೂನ್‌ನಲ್ಲಿ ಅದನ್ನು ರೆಕಾರ್ಡ್ ಮಾಡುವಾಗ ಉಳಿದ ಮೂವರೂ ಇಲ್ಲ. ಅವನ ದನಿ, ಅವನ ಗಿಟಾರು, ಜೊತೆಗೆ ನಾಲ್ಕು ತಂತಿವಾದ್ಯ. ರಾಕ್ ತಂಡವೊಂದು ತನ್ನ ಡ್ರಮ್ಮನ್ನೇ ಹೊರಗೆ ಕೂರಿಸಿತು.

ಆಮೇಲೆ ವಸ್ತುವೂ ಬದಲಾಯಿತು. ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕ 1843ರ ಸರ್ಕಸ್ಸಿನ ಭಿತ್ತಿಪತ್ರ ಒಂದು ಹಾಡಾಯಿತು. ರಸ್ತೆಯ ಗುಂಡಿಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ಚಿಕ್ಕ ಸುದ್ದಿ ಇನ್ನೊಂದರೊಳಗೆ ಸೇರಿತು. ಚರ್ಚಿನಲ್ಲಿ ಒಂಟಿಯಾಗಿ ಸತ್ತ ಹೆಂಗಸಿನ ಕಥೆಗೆ ಎಂಟು ತಂತಿವಾದ್ಯಗಳು ಕತ್ತರಿಯಂತೆ ನುಡಿದವು. ಪ್ರೇಮದ ಮಾತು ಬಿಟ್ಟು ಬೇರೇನೂ ಇಲ್ಲದಿದ್ದ ಪೇಟೆಯಲ್ಲಿ ಇದು ಹೊಸತು. ಆದರೆ ಸೋರುವ ಮಾಳಿಗೆಯನ್ನೂ ಗುಡುಗುಡಿಯನ್ನೂ ಹಾಡಾಗಿಸಿದ ಶಿಶುನಾಳ ಷರೀಫರ ನಾಡಿನವನಿಗೆ, ಕಣ್ಣಿಗೆ ಬಿದ್ದದ್ದೆಲ್ಲ ಹಾಡಾಗಬಲ್ಲದು ಎಂಬ ನಂಬಿಕೆ ಹುಟ್ಟಿನಿಂದಲೇ ಬಂದಿರುತ್ತದೆ. ತಾವೇ ಬರೆದು, ತಾವೇ ಧಾಟಿ ಹಾಕಿ, ತಾವೇ ಹಾಡಿ, ಕೊನೆಯಲ್ಲಿ ಅಂಕಿತ ಇಟ್ಟ ದಾಸರನ್ನು ಕೇಳಿ ಬೆಳೆದ ನಮಗೆ ಲೆನನ್-ಮೆಕಾರ್ಟ್ನಿ ಎಂಬ ಜೋಡಿ ಅಂಕಿತ ಅಪರಿಚಿತವೇನಲ್ಲ.

ಈಗ ನಾನು ಹೇಳಬೇಕೆಂದಿದ್ದ ತಂತಿಯ ಕಥೆಗೆ ಬರುತ್ತೇನೆ.

1965ರ ಅಕ್ಟೋಬರ್. ಜಾರ್ಜ್ ಹ್ಯಾರಿಸನ್ ಆ ವರ್ಷ ಸಿನಿಮಾ ಚಿತ್ರೀಕರಣವೊಂದರಲ್ಲಿ ಭಾರತೀಯ ವಾದ್ಯದವರನ್ನು ಕಂಡು ಮರುಳಾಗಿ, ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನ ಅಂಗಡಿಯಲ್ಲಿ ಸಿತಾರ್ ಕೊಂಡಿದ್ದ. ಕಲಿತಿರಲಿಲ್ಲ, ಗಿಟಾರಿನ ಕೈಯಲ್ಲೇ ಮೀಟುತ್ತಿದ್ದ. 'ನಾರ್ವೀಜಿಯನ್ ವುಡ್' ಎಂಬ ಲೆನನ್ ಹಾಡಿಗೆ ಅದನ್ನು ನುಡಿಸುವಾಗ ತಂತಿ ಕಿತ್ತುಹೋಯಿತು. ಲಂಡನ್ನಿನಲ್ಲಿ ಆಗ ಸಿತಾರಿನ ತಂತಿ ಎಲ್ಲಿ ಹುಡುಕುವುದು? ಭಾರತೀಯ ಹೈಕಮಿಷನ್ನಿಗೆ ಫೋನ್ ಹೋಯಿತು. ಅಲ್ಲಿಂದ ಸಿಕ್ಕ ಹೆಸರು ಅಯನ ಅಂಗಡಿ.

ಅಯನ ದೇವ ಅಂಗಡಿಯವರು ನಮ್ಮವರು. 1903ರಲ್ಲಿ, ಆಗಿನ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಸೀಮೆಯ ಜಕನೂರಿನಲ್ಲಿ ಹುಟ್ಟಿದವರು. ಐಸಿಎಸ್ ಪರೀಕ್ಷೆಗೆಂದು 1924ರಲ್ಲಿ ಇಂಗ್ಲೆಂಡಿಗೆ ಹೋದವರು ಅಧಿಕಾರಿಯಾಗಲಿಲ್ಲ. ರಾಜಕೀಯದಲ್ಲಿ ಮುಳುಗಿದರು, ಬರೆದರು, ಭಾಷಣ ಮಾಡಿದರು. ಪೆಟ್ರಿಷಿಯಾ ಎಂಬ ಚಿತ್ರಕಲಾವಿದೆಯನ್ನು ಮದುವೆಯಾದರು. ಗಂಡಹೆಂಡಿರು ಸೇರಿ ಏಷ್ಯನ್ ಮ್ಯೂಸಿಕ್ ಸರ್ಕಲ್ ಎಂಬ ಸಂಸ್ಥೆ ಕಟ್ಟಿದರು. ಉತ್ತರ ಲಂಡನ್ನಿನ ಅವರ ಮನೆಯಲ್ಲಿ ಭಾರತದಿಂದ ಬಂದ ಸಂಗೀತಗಾರರು, ನೃತ್ಯದವರು ಇಳಿದುಕೊಳ್ಳುತ್ತಿದ್ದರು. ಪಿಟೀಲಿನ ಯೆಹೂದಿ ಮೆನುಹಿನ್ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರ ಯೋಗ ತರಗತಿಗಳು ಲಂಡನ್ನಿನಲ್ಲಿ ನೆಲೆಯೂರಲು ನೆರವಾದದ್ದೂ ಇದೇ ಮನೆ. ಒಂದು ದೇಶದ ಕಲೆ ಇನ್ನೊಂದು ದೇಶಕ್ಕೆ ಹೋಗುವುದು ದೊಡ್ಡ ದೊಡ್ಡ ಒಪ್ಪಂದಗಳಿಂದ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಬಂದವರಿಗೆ ಹಾಸಿಗೆ ಹಾಸಿ, ಊಟ ಬಡಿಸಿ, ನಾಳೆಯ ಕಚೇರಿಗೆ ಪಕ್ಕವಾದ್ಯದವರನ್ನು ಹೊಂದಿಸುವ ಮನೆಯೊಂದು ಅಲ್ಲಿ ಇರದಿದ್ದರೆ ಯಾವ ಒಪ್ಪಂದವೂ ನಡೆಯದು.

ಅಂಗಡಿಯವರ ಮನೆಯಲ್ಲಿ ಸಿತಾರಿನ ತಂತಿ ಇತ್ತು. ಮಗ ಮುಂದೆ ಹೇಳಿಕೊಂಡಂತೆ, ಅದನ್ನು ಕೊಡಲು ಸಂಸಾರಕ್ಕೆ ಸಂಸಾರವೇ ಅಬ್ಬೆ ರೋಡಿಗೆ ಹೊರಟಿತು. ಹಾಡು ರೆಕಾರ್ಡ್ ಆಗುವುದನ್ನು ನಿಂತು ನೋಡಿದರು. ಪೆಟ್ರಿಷಿಯಾ ಅಲ್ಲೇ ಆ ಹುಡುಗರ ಚಿತ್ರ ಗೀಚಿಕೊಂಡರು. ಡಿಸೆಂಬರ್‌ನಲ್ಲಿ 'ರಬ್ಬರ್ ಸೋಲ್' ಎಲ್‌ಪಿಯಲ್ಲಿ ಹಾಡು ಹೊರಬಂತು. ರಾಕ್ ಹಾಡಿನಲ್ಲಿ ಸಿತಾರಿನ ದನಿಯನ್ನು ಜಗತ್ತು ಕೇಳಿತು. ಆ ನುಡಿಸಾಣಿಕೆ ಎಳೆಯದು, ಅದರಲ್ಲಿ ಸಂಶಯವಿಲ್ಲ. ಗಮಕವಿಲ್ಲ, ಮೀಂಡ್ ಇಲ್ಲ. ಗಿಟಾರಿನ ಗೆರೆಗೇ ಸಿತಾರಿನ ಬಣ್ಣ. ಆದರೂ ಆ ಹಾಡು ನನಗೆ ಪ್ರಿಯ. ಅಂಜದೆ ಕೈಗೆತ್ತಿಕೊಂಡವನ ಆಸೆ ಅದರಲ್ಲಿ ಕೇಳಿಸುತ್ತದೆ, ಆ ಆಸೆಯನ್ನು ಅವನು ಅಲ್ಲಿಗೇ ಬಿಡಲಿಲ್ಲ ಎಂಬುದೂ ಗೊತ್ತಿದೆ. ಮರುವರ್ಷ ಜೂನ್‌ನಲ್ಲಿ ಹ್ಯಾರಿಸನ್ ರವಿಶಂಕರರನ್ನು ಕಂಡದ್ದು ಅಂಗಡಿಯವರ ಮನೆಯಲ್ಲೇ. ಅಲ್ಲಿಂದ ಮೇಲೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಮೊದಲ ಪಾಠದಿಂದ ಕಲಿಯತೊಡಗಿದ.

ಅದಕ್ಕೂ ಮುಂಚೆ, 1966ರ ಏಪ್ರಿಲ್‌ನಲ್ಲಿ, 'ಲವ್ ಯೂ ಟು' ಹಾಡಿಗೆ ತಬಲಾದವರು ಬೇಕಾದಾಗ ಮತ್ತೆ ಅಂಗಡಿಯವರಿಗೇ ಹೇಳಿಕಳಿಸಿದರು. ಅವರು ಅನಿಲ್ ಭಾಗವತ್ ಎಂಬ ತರುಣನಿಗೆ ಫೋನ್ ಮಾಡಿ ಸಂಜೆ ಬಿಡುವಿದೆಯೇ ಎಂದು ಕೇಳಿದರು. ಯಾರ ಹಾಡಿಗೆ ನುಡಿಸುವುದು ಎಂದು ಆ ತರುಣನಿಗೆ ತಿಳಿದದ್ದು ಮನೆಮುಂದೆ ರೋಲ್ಸ್‌ರಾಯ್ಸ್ ಬಂದು ನಿಂತಾಗ. 'ರಿವಾಲ್ವರ್' ಎಲ್‌ಪಿಯ ಹೊದಿಕೆಯ ಮೇಲೆ ಅವರ ಹೆಸರು ಅಚ್ಚಾಗಿದೆ. ಬೇರೆ ಹಾಡುಗಳಲ್ಲಿ ನುಡಿಸಿದ ಎಷ್ಟೋ ಭಾರತೀಯ ವಾದ್ಯಗಾರರ ಹೆಸರು ಹೊದಿಕೆಗೆ ಬರಲೇ ಇಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ. ನಮ್ಮಲ್ಲೂ ಪಕ್ಕವಾದ್ಯದವರ ಹೆಸರನ್ನು ಕ್ಯಾಸೆಟ್ಟಿನ ಮೇಲೆ ಬಿಡುವುದು ರೂಢಿಯಾಗಿತ್ತು. ಹಾಡಿನ ಅರ್ಧ ಜೀವ ಅವರ ಕೈಯಲ್ಲಿರುತ್ತದೆ.

ಸ್ಟುಡಿಯೋದ ಒಳಗಿನ ಹೊಸತನಗಳನ್ನು ಒಂದೊಂದಾಗಿ ಹೇಳಹೊರಟರೆ ರಾತ್ರಿಯಾದೀತು. ಮುಖ್ಯವಾದ ಸಂಗತಿ ಇಷ್ಟು: ಅವರ ಬಳಿ ಇದ್ದದ್ದು ನಾಲ್ಕು ಟ್ರ್ಯಾಕಿನ ಯಂತ್ರ. ನಾಲ್ಕು ಸಾಲು ತುಂಬಿದ ಮೇಲೆ ಇನ್ನೊಂದು ಸದ್ದು ಬೇಕೆನಿಸಿದರೆ, ನಾಲ್ಕನ್ನೂ ಬೆರೆಸಿ ಇನ್ನೊಂದು ಯಂತ್ರದ ಒಂದೋ ಎರಡೋ ಸಾಲಿಗೆ ಇಳಿಸಿಕೊಳ್ಳಬೇಕು. ಹಾಗೆ ಬೆರೆಸಿದ್ದನ್ನು ಮತ್ತೆ ಬಿಡಿಸಲಾಗದು. ಡ್ರಮ್ಮು ಎಷ್ಟಿರಬೇಕು, ಗಿಟಾರು ಎಷ್ಟಿರಬೇಕು ಎಂದು ಆ ಕ್ಷಣವೇ ತೀರ್ಮಾನವಾಗಬೇಕು. ಪ್ರತಿ ನಕಲಿಗೂ ಟೇಪಿನ ಸುಯ್ಯೆನ್ನುವ ಸದ್ದು ಹೆಚ್ಚುತ್ತದೆ. ಈಗ ನೂರಾರು ಟ್ರ್ಯಾಕು ಇಟ್ಟುಕೊಂಡು ತೀರ್ಮಾನವನ್ನೆಲ್ಲ ಕೊನೆಗೆ ದೂಡುವ ಕಾಲ. ಆ ನಾಲ್ಕೇ ಸಾಲುಗಳ ಇಕ್ಕಟ್ಟು ಅವರ ಕಿವಿಯನ್ನು ಚುರುಕಾಗಿಸಿತೆಂದು ನನ್ನ ದೃಢವಾದ ನಂಬಿಕೆ. ಹಿಂಜರಿಯದೆ ಆರಿಸಿದ್ದು ಆ ಹಾಡುಗಳಲ್ಲಿ ಕೇಳುತ್ತದೆ.

ಎಮೆರಿಕ್ ಡ್ರಮ್ಮಿನೊಳಗೆ ಉಣ್ಣೆಯ ಸ್ವೆಟರ್ ತುರುಕಿ, ಸ್ಟುಡಿಯೋದ ನಿಯಮ ಮೀರಿ ಮೈಕನ್ನು ಅದರ ಮೈಗೇ ತಂದಿಟ್ಟ. ಪಿಟೀಲುಗಳ ಹತ್ತಿರಕ್ಕೂ ಹಾಗೆಯೇ ಮೈಕ್ ಒಯ್ದ. ವಾದಕರು ಮುಜುಗರಪಟ್ಟು ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದರಂತೆ. ವೇಗವಾಗಿ ನುಡಿಸಿದ್ದನ್ನು ನಿಧಾನವಾಗಿ ಓಡಿಸಿದರು, ಆಗ ಅದಕ್ಕೆ ಭಾರ ಬಂತು. ಟೇಪನ್ನು ಹಿಂದುಮುಂದಾಗಿ ಓಡಿಸಿದರು. ಹ್ಯಾರಿಸನ್ ಒಂದು ಗಿಟಾರಿನ ತುಣುಕನ್ನು ಹಿಂದುಮುಂದಾಗಿ ಕೇಳಿದಾಗ ಹೊಂದುವಂತೆ ಗಂಟೆಗಟ್ಟಲೆ ಕೂತು ನುಡಿಸಿದ. ಇವೆಲ್ಲದರ ಹಿಂದೆ ಇದ್ದವರು ಜಾರ್ಜ್ ಮಾರ್ಟಿನ್. ಓಬೊ ಕಲಿತವರು, ಶಾಸ್ತ್ರೀಯ ಸಂಗೀತ ಬಲ್ಲವರು, ಬೀಟಲ್ಸ್ ಬರುವ ಮುಂಚೆ ಪೀಟರ್ ಸೆಲರ್ಸ್‌ನಂಥವರ ಹಾಸ್ಯದ ರೆಕಾರ್ಡುಗಳನ್ನು ಮಾಡುತ್ತ ಚಿತ್ರವಿಚಿತ್ರ ಸದ್ದುಗಳನ್ನು ಹೆಣೆಯುವುದರಲ್ಲಿ ಕೈ ಪಳಗಿಸಿಕೊಂಡವರು. ಹುಡುಗರು ಬಾಯಿಮಾತಿನಲ್ಲಿ ಹೇಳಿದ ಕನಸನ್ನು ಅವರು ಸ್ವರಲಿಪಿಗೆ ಇಳಿಸುತ್ತಿದ್ದರು. ಲೆನನ್ ಒಂದೇ ಹಾಡನ್ನು ಎರಡು ಥರ ರೆಕಾರ್ಡ್ ಮಾಡಿ, ಇದರ ಆರಂಭವೂ ಬೇಕು ಅದರ ಕೊನೆಯೂ ಬೇಕು ಎಂದ. ಎರಡರ ಶ್ರುತಿ ಬೇರೆ, ಕಾಲ ಬೇರೆ. ಒಂದನ್ನು ತುಸು ಬೇಗ, ಇನ್ನೊಂದನ್ನು ತುಸು ನಿಧಾನ ಓಡಿಸಿದಾಗ ಶ್ರುತಿಯೂ ಕಾಲವೂ ಕೂಡಿಕೊಂಡವು. 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹಾಡಿನಲ್ಲಿ ಒಂದು ನಿಮಿಷ ಆಗುವಷ್ಟರಲ್ಲಿ ಆ ಬೆಸುಗೆ ಬರುತ್ತದೆ. ಗೊತ್ತಿದ್ದೂ ಪ್ರತಿ ಸಲ ನನ್ನ ಕಿವಿ ಅದನ್ನು ದಾಟಿಹೋಗುತ್ತದೆ.

ಈ ತಂತ್ರಗಳಲ್ಲಿ ನನಗೆ ಹತ್ತಿರವಾದದ್ದು ಇನ್ನೊಂದು ಇದೆ. ಒಬ್ಬನೇ ಎರಡು ಸಲ ಹಾಡಿ ಒಂದರ ಮೇಲೊಂದು ಕೂರಿಸಿದರೆ ದನಿ ತುಂಬಿಕೊಳ್ಳುತ್ತದೆ. ಲೆನನ್‌ಗೆ ಎರಡೆರಡು ಸಲ ಹಾಡುವುದು ಬೇಸರ. ಕೆನ್ ಟೌನ್ಸೆಂಡ್ ಎಂಬ ಸ್ಟುಡಿಯೋ ತಂತ್ರಜ್ಞ 1966ರಲ್ಲಿ, ಹಾಡಿದ್ದರ ನಕಲನ್ನೇ ಇನ್ನೊಂದು ಟೇಪಿನಿಂದ ಕೂದಲೆಳೆಯಷ್ಟು ತಡಮಾಡಿ ಸೇರಿಸುವ ದಾರಿ ಕಂಡುಹಿಡಿದ. ಒಬ್ಬನೇ ಇಬ್ಬರಾದ. ಇದನ್ನು ಓದಿದಾಗ ನನಗೆ ನೆನಪಾದದ್ದು ತಿರುಮಕೂಡಲು ಚೌಡಯ್ಯನವರು. ಮೈಕ್ ಇಲ್ಲದ ಸಭೆಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೆ ತಲುಪುತ್ತಿಲ್ಲವೆಂದು ನಾಲ್ಕು ತಂತಿಗೆ ಮೂರು ತಂತಿ ಜೋಡಿಸಿ, ಏಳು ತಂತಿಯ ಪಿಟೀಲನ್ನು ಹಿಡಿದವರು ಅವರು. ಒಂದು ಕಮಾನಿಗೆ ಎರಡು ತಂತಿ ಸಿಕ್ಕು ನಾದ ದುಪ್ಪಟ್ಟಾಗುತ್ತಿತ್ತು. ಮೈಸೂರಿನ ವಿದ್ವಾಂಸರು ಮರದಲ್ಲಿ, ತಂತಿಯಲ್ಲಿ ಮಾಡಿದ್ದನ್ನು ಲಂಡನ್ನಿನ ತಂತ್ರಜ್ಞ ಟೇಪಿನಲ್ಲಿ ಮಾಡಿದ. ಇಬ್ಬರ ಕೊರತೆ ಬೇರೆ ಬೇರೆ, ಇಬ್ಬರೂ ಹುಡುಕುತ್ತಿದ್ದುದು ತುಂಬಿದ ನಾದವನ್ನು. ಚೌಡಯ್ಯನವರು ತೀರಿಕೊಂಡದ್ದು 1967ರ ಜನವರಿಯಲ್ಲಿ. ಅಬ್ಬೆ ರೋಡಿನಲ್ಲಿ ಆಗ 'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಎಲ್‌ಪಿಯ ಕೆಲಸ ನಡೆದಿತ್ತು.

ಆ ಎಲ್‌ಪಿಯ ಕೊನೆಯ ಹಾಡು 'ಎ ಡೇ ಇನ್ ದ ಲೈಫ್'. ಅದರ ನಡುವೆ ಇಪ್ಪತ್ನಾಲ್ಕು ಆವರ್ತದಷ್ಟು ಜಾಗ ಖಾಲಿ ಬಿಟ್ಟು, ಏನು ತುಂಬುವುದೆಂದು ಆಮೇಲೆ ಯೋಚಿಸಿದರು. ಫೆಬ್ರವರಿ 10ರಂದು ನಲವತ್ತು ಮಂದಿ ವಾದಕರನ್ನು ಕರೆಸಿದರು. ನಿಮ್ಮ ವಾದ್ಯದ ಅತಿ ಕೆಳಗಿನ ಸ್ವರದಿಂದ ಹೊರಟು ಅತಿ ಮೇಲಿನದಕ್ಕೆ ಬನ್ನಿ, ಪಕ್ಕದವರನ್ನು ಕೇಳಿಸಿಕೊಳ್ಳಬೇಡಿ ಎಂದು ಹೇಳಿದರು. ಜೀವಮಾನವೆಲ್ಲ ಪಕ್ಕದವರ ಜೊತೆ ಕೂಡಿ ನುಡಿಸಿದವರಿಗೆ ಎಂಥ ಅಪ್ಪಣೆ! ಹಾಡಿನ ಕಡೆಗೆ ಮೂರು ಪಿಯಾನೊ, ಒಂದು ಹಾರ್ಮೋನಿಯಂ ಒಟ್ಟಿಗೆ ಒಂದು ಸ್ವರಮೇಳ ಹೊಡೆಯುತ್ತವೆ. ನಾದ ಇಳಿಯುತ್ತಿದ್ದಂತೆ ಎಂಜಿನಿಯರ್ ಮೈಕಿನ ಮಟ್ಟವನ್ನು ಏರಿಸುತ್ತ ಹೋದ. ಮುಕ್ಕಾಲು ನಿಮಿಷದ ಕೊನೆಗೆ ಕೋಣೆಯಲ್ಲಿ ಕುರ್ಚಿ ಕಿರ್ ಎಂದದ್ದೂ ಕೇಳುತ್ತದೆ. ಕಡಲಿನ ಸದ್ದಿನಲ್ಲಿ ಅದು ನನಗೆ ಕೇಳದು. ಅದಕ್ಕೆ ಹೆಡ್‌ಫೋನು ಬೇಕು.

ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಪಿಟೀಲು ಪಾಠ ಹೇಳುವ ಮಾಸ್ಟಾರು ಒಬ್ಬರಿದ್ದಾರೆ. ಈ ಸೀಮೆಯ ಪಿಟೀಲಿನವರಂತೆ ಅವರಿಗೂ ದ್ವಾರಂ ವೆಂಕಟಸ್ವಾಮಿ ನಾಯುಡು ಎಂದರೆ ದೇವರು. ವಿಜಯನಗರಂನ ಮಹಾರಾಜ ಸಂಗೀತ ಕಾಲೇಜಿನಲ್ಲಿ ಕಲಿಸಿದ ಆ ಮಹಾನುಭಾವರು ಹುಟ್ಟಿದ್ದು 1893ರಲ್ಲಿ ನಮ್ಮ ಬೆಂಗಳೂರಿನಲ್ಲಿ. ಬೆಳೆದದ್ದು ಈ ವಿಶಾಖಪಟ್ಟಣದ ನೆಲದಲ್ಲಿ. ಮೆನುಹಿನ್ ಭಾರತಕ್ಕೆ ಬಂದಾಗ ಅವರ ಪಿಟೀಲು ಕೇಳಿ ಬೆರಗಾಗಿದ್ದರು. ಮಾಸ್ಟಾರಿಗೆ ಆ ಸಂಗತಿ ಬಾಯಿಪಾಠ. ಅದೇ ಮೆನುಹಿನ್ ಲಂಡನ್ನಿನಲ್ಲಿ ಕನ್ನಡಿಗರೊಬ್ಬರ ಸಂಸ್ಥೆಗೆ ಅಧ್ಯಕ್ಷರಾಗಿದ್ದರೆಂದು ನಾನು ಹೇಳಿದ ಸಂಜೆ ಅವರು ಕಾಫಿ ಲೋಟ ಕೆಳಗಿಟ್ಟು, "ಏದೀ, ಹಾಕಿ ನೋಡೋಣ ಆ ಪಾಟ" ಎಂದರು.

ನಾನು ಹಾಕಿದ್ದು 'ವಿದಿನ್ ಯೂ ವಿದೌಟ್ ಯೂ'. 1967ರ ಮಾರ್ಚ್‌ನಲ್ಲಿ ರೆಕಾರ್ಡ್ ಮಾಡಿದ್ದು. ಬೀಟಲ್ಸ್ ಪೈಕಿ ಹ್ಯಾರಿಸನ್ ಒಬ್ಬನೇ ಇದರಲ್ಲಿರುವುದು. ಮೊದಲು ಜೊತೆಗೆ ನುಡಿಸಿದವರು ಹೆಚ್ಚಾಗಿ ಏಷ್ಯನ್ ಮ್ಯೂಸಿಕ್ ಸರ್ಕಲ್ಲಿನ ಕಡೆಯ ಭಾರತೀಯರು: ದಿಲ್‌ರುಬಾ, ಸ್ವರಮಂಡಲ, ತಬಲಾ, ತಂಬೂರಿ. ಸ್ಟುಡಿಯೋದ ನೆಲಕ್ಕೆ ಜಮಖಾನೆ ಹಾಸಿ, ದೀಪ ಸಣ್ಣದು ಮಾಡಿ, ಊದುಬತ್ತಿ ಹಚ್ಚಿಟ್ಟಿದ್ದರು. ಮಾಸ್ಟಾರು ಕಣ್ಣು ಮುಚ್ಚಿ ಕೇಳಿದರು. ಸ್ವಲ್ಪ ಹೊತ್ತಿಗೆ ತೊಡೆಯ ಮೇಲೆ ಬೆರಳು ಎಣಿಸತೊಡಗಿತು.

"ಹರಿಕಾಂಭೋಜಿ ನೆರಳು ಕಾಣ್ತಾ ಇದೆ ಸಾರ್," ಎಂದರು. ನಡುವಿನ ವಾದ್ಯದ ಭಾಗ ಬಂದಾಗ ಎಣಿಕೆ ತಪ್ಪಿ ನಿಂತರು, ಮತ್ತೆ ಹಿಡಿದರು. "ಇಲ್ಲಿ ತಾಳ ಬದಲಾಯಿಸಿದ್ದಾರೆ. ಹತ್ತಕ್ಕೆ ಬಂದಿದ್ದಾರೆ."

ಸರಿಯಾಗಿಯೇ ಹಿಡಿದಿದ್ದರು, ತೀನ್‌ತಾಳದಿಂದ ಝಪ್‌ತಾಳಕ್ಕೆ ಹೊರಳುವ ಜಾಗ ಅದು. ಅಲ್ಲಿ ದಿಲ್‌ರುಬಾ ಒಂದು ಮಾತು ಆಡುತ್ತದೆ, ಎದುರಿಗೆ ಪಾಶ್ಚಾತ್ಯ ಪಿಟೀಲುಗಳು ಉತ್ತರ ಕೊಡುತ್ತವೆ. ಈ ಪಿಟೀಲುಗಳನ್ನು ಆಮೇಲೆ, ಏಪ್ರಿಲ್ 3ರಂದು ಸೇರಿಸಿದ್ದು: ಎಂಟು ಪಿಟೀಲು, ಮೂರು ಚೆಲ್ಲೊ. ದಿಲ್‌ರುಬಾ ಜಾರಿದ ಕಡೆಯೆಲ್ಲ ಇವೂ ಜಾರಬೇಕು. ಸ್ವರದಿಂದ ಸ್ವರಕ್ಕೆ ನೇರ ಕಾಲಿಡುವುದನ್ನೇ ಕಲಿತ ಲಂಡನ್ನಿನ ವಾದಕರಿಗೆ ನಡುವಿನ ದಾರಿಯಲ್ಲಿ ನಡೆಯಲು ಹೇಳಬೇಕಾಗಿತ್ತು. ಮಾರ್ಟಿನ್ ಪ್ರತಿ ಜಾರುವಿಕೆಯನ್ನೂ ಕಾಗದದ ಮೇಲೆ ಬರೆದರು, ಹ್ಯಾರಿಸನ್ ಜೊತೆಗೆ ನಿಂತು ತಿದ್ದಿದ. ಸ್ಟುಡಿಯೋದಲ್ಲಿ ನಡೆದ ಅಷ್ಟೂ ಚಮತ್ಕಾರಗಳಲ್ಲಿ ಇದಕ್ಕೇ ನಾನು ಮೊದಲ ಮಣೆ ಹಾಕುತ್ತೇನೆ. ಇಲ್ಲಿ ಟೇಪಿನ ಕೈಚಳಕ ಕಡಿಮೆ. ಒಂದು ಸಂಗೀತದವರು ಇನ್ನೊಂದು ಸಂಗೀತದ ಬೆರಳನ್ನು ಕಲಿಯಲು ಕೂತರು, ಅದಕ್ಕೆ ಬೇಕಾದಷ್ಟು ಹೊತ್ತನ್ನು ಆ ಕೋಣೆ ಕೊಟ್ಟಿತು.

"ಪಿಟೀಲು ಇಲ್ಲಿಂದ ಹೋದದ್ದಲ್ಲ, ಅಲ್ಲಿಂದ ಬಂದದ್ದು," ಮಾಸ್ಟಾರು ಹೇಳಿದರು. "ನಾವು ಅದಕ್ಕೆ ಗಮಕ ಕಲಿಸಿದೆವು. ಮತ್ತೆ ಅಲ್ಲಿಗೇ ಹೋಗಿ ಕಲಿಸಿ ಬಂದಿದ್ದಾರೆ, ನೋಡಿ."

ಮತ್ತೊಂದು ಹಾಡು ಹಾಕೆಂದರು. ನಾನು 'ದ ಇನ್ನರ್ ಲೈಟ್' ಹಾಕಿದೆ. ಅದರ ವಾದ್ಯಭಾಗ ರೆಕಾರ್ಡ್ ಆದದ್ದು 1968ರ ಜನವರಿಯಲ್ಲಿ, ಮುಂಬಯಿಯ ಎಚ್‌ಎಂವಿ ಸ್ಟುಡಿಯೋದಲ್ಲಿ. ಗ್ರಾಮಫೋನ್ ಕಂಪನಿಯ ಭಾಸ್ಕರ್ ಮೆನನ್ ಕಲ್ಕತ್ತೆಯಿಂದ ಎರಡು ಟ್ರ್ಯಾಕಿನ ಸ್ಟೀರಿಯೊ ಯಂತ್ರವನ್ನು ರೈಲಿನಲ್ಲಿ ತಂದುಕೊಟ್ಟಿದ್ದರು. ಲಂಡನ್ನಿನಲ್ಲಿ ನಾಲ್ಕು ಟ್ರ್ಯಾಕಿನ ಯಂತ್ರಗಳನ್ನು ಎರಡೆರಡು ಜೋಡಿಸಿದ ತಂಡದ ಹ್ಯಾರಿಸನ್ ಇಲ್ಲಿ ಎರಡೇ ಟ್ರ್ಯಾಕಿಗೆ ಸಂತೋಷದಿಂದ ಒಪ್ಪಿಕೊಂಡ. ಆ ಸ್ಟುಡಿಯೋದ ಗೋಡೆಗಳು ಹೊರಗಿನ ಟ್ಯಾಕ್ಸಿಗಳ ಸದ್ದನ್ನು ಪೂರ್ತಿ ತಡೆಯುತ್ತಿರಲಿಲ್ಲವಂತೆ. ಆಶಿಶ್ ಖಾನರ ಸರೋದ್, ಶೆಹನಾಯಿ, ಕೊಳಲು, ಪಖವಾಜ್, ಹಾರ್ಮೋನಿಯಂ. ಗಿಟಾರೂ ಇಲ್ಲ, ಡ್ರಮ್ಮೂ ಇಲ್ಲ. ಹಾಡುವ ದನಿಯನ್ನು ಫೆಬ್ರವರಿಯಲ್ಲಿ ಅಬ್ಬೆ ರೋಡಿನಲ್ಲಿ ಸೇರಿಸಿದರು. ಮಾರ್ಚ್‌ನಲ್ಲಿ 'ಲೇಡಿ ಮಡೊನ್ನಾ' ರೆಕಾರ್ಡಿನ ಹಿಂಬದಿಯಲ್ಲಿ ಅದು ಬಂತು. ಬೀಟಲ್ಸ್‌ನವರ ಸಿಂಗಲ್ ಒಂದರಲ್ಲಿ ಹ್ಯಾರಿಸನ್ ಬರೆದ ಹಾಡಿಗೆ ಜಾಗ ಸಿಕ್ಕಿದ್ದು ಅದೇ ಮೊದಲು.

ಹಾಡು ಎರಡೂವರೆ ನಿಮಿಷಕ್ಕೆ ಮುಗಿದುಹೋಗುತ್ತದೆ. ಮಾಸ್ಟಾರು ಇನ್ನೊಮ್ಮೆ ಹಾಕಿಸಿದರು. ಎರಡನೇ ಸಲ ಶೆಹನಾಯಿಯ ಸಾಲನ್ನು ಬಾಯಲ್ಲಿ ಸ್ವರ ಹಾಕಿ ಹೇಳಿದರು. ಆಮೇಲೆ ಆ ತಂತಿ ತಂದುಕೊಟ್ಟವರ ಊರು ಎಲ್ಲಿ ಬರುತ್ತದೆ, ಹೋಗಿ ನೋಡಬಹುದೇ ಎಂದು ಕೇಳಿದರು. ವಿಜಯವಾಡಕ್ಕೆ ಹೋಗಿ ಹುಬ್ಬಳ್ಳಿಯ ರೈಲು ಹಿಡಿಯಬೇಕು, ಗುಂತಕಲ್, ಬಳ್ಳಾರಿ, ಹೊಸಪೇಟೆ ದಾಟಿ ಗದಗಿನಲ್ಲಿ ಇಳಿದು ಬಾಗಲಕೋಟೆಯ ಕಡೆಗೆ ಗಾಡಿ ಬದಲಾಯಿಸಬೇಕು, ಅಲ್ಲಿ ಯಾರನ್ನಾದರೂ ಜಕನೂರಿನ ದಾರಿ ಕೇಳೋಣ ಎಂದೆ. ಡಿಸೆಂಬರ್‌ನಲ್ಲಿ ಪಾಠಕ್ಕೆ ರಜೆ ಇರುತ್ತದೆ, ಟಿಕೆಟ್ ಮಾಡಿಸಿಬಿಡಿ ಎಂದು ಅವರು ಎದ್ದರು.